ಮಾವನವರಿಗೆ ಫ್ಲೂ ಲಸಿಕೆ: ಏಪ್ರಿಲ್‌ನಲ್ಲಿ ಹಿಡಿದು ಜುಲೈನಲ್ಲಿ ಮುಗಿದ ಕೆಲಸ

ದಾವಣಗೆರೆಯಲ್ಲಿ ದೊಡ್ಡವರಿಗೆ ಫ್ಲೂ ಲಸಿಕೆ ಹಾಕಿಸಬೇಕಾದರೆ ಎಲ್ಲಿಗೆ ಹೋಗಬೇಕು, ಯಾವ ತಿಂಗಳಲ್ಲಿ ಹೋಗಬೇಕು, ಯಾರನ್ನು ಏನು ಕೇಳಬೇಕು ಎಂಬುದನ್ನು ಒಂದೇ ಕಡೆ ಹೇಳುವವರು ನಮಗೆ ಯಾರೂ ಸಿಗಲಿಲ್ಲ. ಮಕ್ಕಳ ಲಸಿಕೆಗಾದರೆ ತಾಯಿ ಕಾರ್ಡು ಇದೆ, ಆಶಾ ಕಾರ್ಯಕರ್ತೆಯರು ಮನೆಗೇ ಬಂದು ದಿನ ನೆನಪಿಸುತ್ತಾರೆ. ಎಪ್ಪತ್ತು ದಾಟಿದವರ ಲಸಿಕೆಗೆ ಅಂಥ ಯಾವ ವ್ಯವಸ್ಥೆಯೂ ಇಲ್ಲದ ಕಾರಣ, ಮನೆಯವರೇ ವೈದ್ಯರು, ಔಷಧಿ ಅಂಗಡಿ ಮತ್ತು ಹಾಕುವವರು ಈ ಮೂವರನ್ನೂ ಒಂದು ಕಡೆ ಕೂಡಿಸಬೇಕಾಗುತ್ತದೆ. ನಾವು 2025ರ ಏಪ್ರಿಲ್ ಕೊನೆಯಲ್ಲಿ ಹಿಡಿದ ಈ ಕೆಲಸ ಮಗಳ ಎರಡನೇ ಡೋಸಿನೊಂದಿಗೆ ಜುಲೈನಲ್ಲಿ ಮುಗಿಯಿತು. ಇದೇ ಕೆಲಸಕ್ಕೆ ಹೊರಡುವವರಿಗೆ ಅಷ್ಟು ಕಾಲ ಹಿಡಿಯಬಾರದೆಂದು ನಡೆದದ್ದನ್ನೆಲ್ಲ ಬರೆದಿಡುತ್ತಿದ್ದೇನೆ.

ನಮ್ಮ ಮಾವನವರಿಗೆ ಎಪ್ಪತ್ತಾರು ವರ್ಷ. ದಾವಣಗೆರೆಯಲ್ಲಿ ಹತ್ತಿ ಮಿಲ್ಲುಗಳು ನಡೆಯುತ್ತಿದ್ದ ಕಾಲದಲ್ಲಿ ಅವರು ಹತ್ತಿ ಹಿಂಜುವ ವಿಭಾಗದಲ್ಲಿ ಕೆಲಸ ಮಾಡಿದವರು. ಮಿಲ್ಲು ಮುಚ್ಚಿ ಎಷ್ಟೋ ವರ್ಷಗಳಾದರೂ ಆ ಧೂಳು ಎದೆಯಲ್ಲಿ ಉಳಿದಿದೆ. ದೀರ್ಘಕಾಲದ ಶ್ವಾಸಕೋಶದ ಕಾಯಿಲೆಯೆಂದು ವೈದ್ಯರು ಹೇಳಿ, ಬೆಳಿಗ್ಗೆ ಸಂಜೆ ಉಸಿರಿನಲ್ಲಿ ಔಷಧ ಎಳೆದುಕೊಳ್ಳುವ ಪಂಪು ಬಳಸುವಂತೆ ಮಾಡಿದ್ದಾರೆ. 2024ರ ಸೆಪ್ಟೆಂಬರ್‌ನಲ್ಲಿ ಅವರಿಗೆ ಜ್ವರ ಮತ್ತು ಮೈಕೈ ನೋವು ಬಂದಾಗ, ಮೊದಲು ನೋಡಿದವರು ಎಂದಿನ ದಮ್ಮೇ ಹೆಚ್ಚಾಗಿದೆಯೆಂದು ಭಾವಿಸಿ ಅದಕ್ಕೇ ಔಷಧ ಕೊಟ್ಟರು. ಆಮ್ಲಜನಕದ ಪ್ರಮಾಣ ಇಳಿಯತೊಡಗಿದ ಮೇಲೆ ದೊಡ್ಡ ಆಸ್ಪತ್ರೆಗೆ ಸೇರಿಸಿ, ಮೂಗು ಮತ್ತು ಗಂಟಲಿನ ದ್ರವ ಪರೀಕ್ಷಿಸಿದಾಗ ಎಚ್‌1ಎನ್‌1 ಇನ್‌ಫ್ಲುಯೆನ್ಸಾ, ಅಂದರೆ ಒಂದು ಬಗೆಯ ಫ್ಲೂ, ಎಂದು ತಿಳಿಯಿತು. ಫ್ಲೂಗೆ ಕೊಡುವ ಓಸೆಲ್ಟಾಮಿವಿರ್ ಮಾತ್ರೆ ಜ್ವರ ಕಾಣಿಸಿಕೊಂಡ ಮೊದಲ ಎರಡು ದಿನಗಳೊಳಗೆ ಆರಂಭವಾದರೆ ಹೆಚ್ಚು ಫಲ ಕೊಡುತ್ತದೆ. ನಮ್ಮಲ್ಲಿ ಆ ಹೊತ್ತು ಮೀರಿಹೋಗಿತ್ತು. ಅವರು ಉಳಿದು ಮನೆಗೆ ಬಂದರು, ಆದರೆ ಮೊದಲಿನಂತೆ ಕುಂದುವಾಡ ಕೆರೆಯ ಏರಿಯ ಮೇಲೆ ಒಂದು ಸುತ್ತು ನಡೆಯುವ ಶಕ್ತಿ ಹಿಂದಿರುಗಲು ಸಂಕ್ರಾಂತಿ ಕಳೆಯಬೇಕಾಯಿತು. ಬಿಡುಗಡೆಯ ಚೀಟಿಯ ಕೊನೆಯಲ್ಲಿ ಶ್ವಾಸಕೋಶದ ತಜ್ಞರು, ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ ಫ್ಲೂ ಲಸಿಕೆ ಹಾಕಿಸಬೇಕೆಂದು ಒಂದು ಸಾಲು ಬರೆದಿದ್ದರು.

ಆ ಸಾಲನ್ನು ಹಿಡಿದುಕೊಂಡೇ ಏಪ್ರಿಲ್ ಕೊನೆಯಲ್ಲಿ ನಾನು ಹೊರಟದ್ದು. ಮೊದಲು ನಮ್ಮ ಬಡಾವಣೆಯ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಹೋದೆ. ಗುರುವಾರವಾದ್ದರಿಂದ ಅಲ್ಲಿ ಮಕ್ಕಳ ಲಸಿಕೆ ನಡೆಯುತ್ತಿತ್ತು. ಅಷ್ಟು ಗದ್ದಲದ ನಡುವೆಯೂ ಸಿಸ್ಟರ್ ನನ್ನನ್ನು ಕೂರಿಸಿ ಸಮಾಧಾನದಿಂದ ಉತ್ತರಿಸಿದರು. "ಇದು ಮಕ್ಕಳ ಲಿಸ್ಟಲ್ಲೂ ಬರಲ್ಲ ಮೇಡಂ. ದೊಡ್ಡವರಿಗೆ ಅಂತ ನಮಗೆ ಸಪ್ಲೈನೇ ಇಲ್ಲ. ಹೊರಗೆ ತಗೊಂಡೇ ಹಾಕಿಸಬೇಕು." ಅವರ ಮಾತು ನಿಜ. ರಾಷ್ಟ್ರೀಯ ಲಸಿಕಾ ಕಾರ್ಯಕ್ರಮದಲ್ಲಿ ಬಿಸಿಜಿ, ಪೋಲಿಯೊ, ಪೆಂಟಾವೇಲೆಂಟ್, ದಡಾರ-ರುಬೆಲ್ಲಾ ಮುಂತಾದವು ಇವೆ, ಫ್ಲೂ ಲಸಿಕೆ ಇಲ್ಲ. ವೃದ್ಧರು, ಗರ್ಭಿಣಿಯರು, ಸಕ್ಕರೆ ಕಾಯಿಲೆ ಅಥವಾ ಶ್ವಾಸಕೋಶದ ಕಾಯಿಲೆಯವರು ಹಾಕಿಸಿಕೊಳ್ಳುವುದು ಒಳ್ಳೆಯದೆಂದು ವೈದ್ಯರು ಹೇಳುತ್ತಾರೆ, ಆದರೆ ಸಾಮಾನ್ಯ ಜನರು ಅದನ್ನು ಸ್ವಂತ ಖರ್ಚಿನಲ್ಲೇ ಹಾಕಿಸಿಕೊಳ್ಳಬೇಕು. ಮಾವನವರಂಥ ಮಿಲ್ಲಿನ ಪಿಂಚಣಿಯವರಿಗೆ ಈ ಖರ್ಚು ಸಣ್ಣದಲ್ಲ, ಮತ್ತು ಈ ಊರಿನಲ್ಲಿ ಅವರಂತೆಯೇ ಹತ್ತಿಯ ಧೂಳು ಕುಡಿದು ಬಾಳಿದವರು ಎಷ್ಟೋ ಜನ ಇದ್ದಾರೆ ಎಂಬುದು ಆ ದಿನ ನನ್ನ ಮನಸ್ಸನ್ನು ಬಹಳ ನೋಯಿಸಿತು.

ಅಲ್ಲಿಂದ ಮುಂದೆ ಔಷಧಿ ಅಂಗಡಿಗಳ ಸರದಿ. ಪಿ.ಜೆ. ಬಡಾವಣೆಯಲ್ಲಿ, ಆಸ್ಪತ್ರೆಗಳ ಸುತ್ತಮುತ್ತ, ರಾಂ ಅಂಡ್ ಕೋ ವೃತ್ತದ ಕಡೆ, ಕೇಳಿದ ಹೆಚ್ಚಿನ ಕಡೆಗಳಲ್ಲಿ ಫ್ಲೂ ಲಸಿಕೆ ಇಟ್ಟುಕೊಂಡಿರಲಿಲ್ಲ. ಕೇಳುವವರೇ ಕಡಿಮೆ, ಇಟ್ಟರೆ ಅವಧಿ ಮುಗಿದು ನಷ್ಟವಾಗುತ್ತದೆ ಎಂಬುದು ಅವರ ಕಾರಣ. ಮುಂಗಡ ಕೊಟ್ಟರೆ ಏಜೆನ್ಸಿಯಿಂದ ತರಿಸಿಕೊಡುತ್ತೇವೆ ಎಂದವರೂ ಇದ್ದರು. ಅವರು ವೈದ್ಯರ ಚೀಟಿ ಕೇಳಿದರು. ಬಿಡುಗಡೆಯ ಚೀಟಿಯ ಸಾಲನ್ನು ತೋರಿಸಿದರೆ, ಅದರಲ್ಲಿ ಲಸಿಕೆಯ ಹೆಸರೂ ಪ್ರಮಾಣವೂ ಇಲ್ಲ, ಅದೂ ಹೋದ ವರ್ಷದ್ದು, ಹೊಸ ಚೀಟಿ ಬೇಕು ಎಂದರು. ಈ ಲಸಿಕೆ ಚೀಟಿಯ ಮೇಲೆ ಮಾತ್ರ ಮಾರಬೇಕಾದ ಔಷಧವಾದ್ದರಿಂದ ಅವರು ಕೇಳಿದ್ದು ಸರಿಯೇ. ಆದರೆ ಆ ಒಂದು ಚೀಟಿಗಾಗಿ ತಜ್ಞರ ಹೊರರೋಗಿ ವಿಭಾಗದಲ್ಲಿ ಮತ್ತೆ ಟೋಕನ್ ತೆಗೆಸಿ, ಮಾವನವರನ್ನು ಅರ್ಧ ದಿನ ಬೆಂಚಿನ ಮೇಲೆ ಕೂರಿಸಿ, ಶುಲ್ಕ ಕಟ್ಟಬೇಕಾಯಿತು. ಏಪ್ರಿಲ್ ಅಥವಾ ಮೇ ತಿಂಗಳಲ್ಲಿ ಹೇಗೂ ಒಮ್ಮೆ ತಪಾಸಣೆಗೆ ಹೋಗುವವರು ಅಂದೇ ಲಸಿಕೆಯ ಹೆಸರನ್ನು ಪ್ರತ್ಯೇಕ ಚೀಟಿಯಲ್ಲಿ ಬರೆಸಿಕೊಂಡರೆ ಈ ಒಂದು ಸುತ್ತು ಉಳಿಯುತ್ತದೆ.

ತಜ್ಞರ ಬಳಿ ಕಾದದ್ದು ವ್ಯರ್ಥವಾಗಲಿಲ್ಲ, ಏಕೆಂದರೆ ಈ ಲಸಿಕೆಯ ಬಗ್ಗೆ ನಾನು ತಿಳಿದುಕೊಂಡ ಮುಖ್ಯ ಸಂಗತಿ ಅಲ್ಲಿಯೇ ಸಿಕ್ಕಿತು. ಫ್ಲೂ ವೈರಾಣು ರೂಪ ಬದಲಿಸುತ್ತಲೇ ಇರುತ್ತದೆ. ಆದ್ದರಿಂದ ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಬಾರಿ, ಫೆಬ್ರುವರಿಯಲ್ಲಿ ಉತ್ತರ ಗೋಳಾರ್ಧಕ್ಕೂ ಸೆಪ್ಟೆಂಬರ್‌ನಲ್ಲಿ ದಕ್ಷಿಣ ಗೋಳಾರ್ಧಕ್ಕೂ, ಲಸಿಕೆಯಲ್ಲಿ ಯಾವ ಯಾವ ವೈರಾಣು ಇರಬೇಕೆಂದು ಶಿಫಾರಸು ಮಾಡುತ್ತದೆ. ನಾವು ಭೂಪಟದಲ್ಲಿ ಉತ್ತರ ಗೋಳಾರ್ಧದವರು. ಆದರೂ ನಮ್ಮ ಕಡೆ ಫ್ಲೂ ಹೆಚ್ಚಾಗುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ, ಮತ್ತೆ ಸ್ವಲ್ಪ ಮಟ್ಟಿಗೆ ಜನವರಿಯಿಂದ ಮಾರ್ಚ್‌ವರೆಗೆ. ಉತ್ತರದ ಲಸಿಕೆ ಮಾರುಕಟ್ಟೆಗೆ ಬರುವುದು ಚಳಿಗಾಲಕ್ಕೆ ಮುಂಚೆ, ದಕ್ಷಿಣದ ಲಸಿಕೆ ಬರುವುದು ಬೇಸಿಗೆಯಲ್ಲಿ. ಹಾಗಾಗಿ ಮೇ ತಿಂಗಳಲ್ಲಿ ಹಾಕಿಸುವವರು ಹೊಸ ದಕ್ಷಿಣ ಗೋಳಾರ್ಧದ ಲಸಿಕೆಯನ್ನೇ ಕೇಳಬೇಕೆಂದು ವೈದ್ಯರು ಹೇಳಿ, ಚೀಟಿಯಲ್ಲಿಯೂ ಹಾಗೆಯೇ ಬರೆದುಕೊಟ್ಟರು. ಹಾಕಿಸಿದ ಮೇಲೆ ದೇಹ ಸಿದ್ಧವಾಗಲು ಸುಮಾರು ಎರಡು ವಾರ ಬೇಕಾಗುವುದರಿಂದ, ಮಳೆ ಹಿಡಿದ ಮೇಲೆ ಹುಡುಕಲು ಹೊರಟರೆ ತಡವಾಗುತ್ತದೆ ಎಂದೂ ತಿಳಿಸಿದರು. 2025ರಲ್ಲಂತೂ ಮುಂಗಾರು ಮೇ 24ರಂದೇ ಕೇರಳಕ್ಕೆ ಬಂದುಬಿಟ್ಟಿತು.

ಈ ಮಾತು ಕೆಲವೇ ದಿನಗಳಲ್ಲಿ ಕೆಲಸಕ್ಕೆ ಬಂತು. ಒಂದು ಅಂಗಡಿಯವರು ಫೋನ್ ಮಾಡಿ, ಲಸಿಕೆ ಬಂದಿದೆ ಎಂದರು. ಹೋಗಿ ಪೆಟ್ಟಿಗೆ ಕೈಗೆ ತೆಗೆದುಕೊಂಡು ನೋಡಿದಾಗ, ಅದರ ಮೇಲೆ 2024-25ನೇ ಸಾಲಿನ ಉತ್ತರ ಗೋಳಾರ್ಧದ ಲಸಿಕೆ ಎಂದು ಮುದ್ರಿಸಿತ್ತು, ಅವಧಿ ಆ ಜೂನ್‌ಗೇ ಮುಗಿಯುವುದಿತ್ತು. ವೈರಾಣುಗಳ ಪಟ್ಟಿಯಲ್ಲಿ ಎಚ್‌3ಎನ್‌2 ಎಂಬ ಬಗೆಯ ಮುಂದೆ 'ಎ/ಥಾಯ್ಲೆಂಡ್/8/2022' ಎಂದಿತ್ತು. 2025ರ ದಕ್ಷಿಣ ಗೋಳಾರ್ಧದ ಲಸಿಕೆಯಲ್ಲಿ ಆ ಜಾಗದಲ್ಲಿ 'ಎ/ಕ್ರೊಯೇಷಿಯಾ/10136ಆರ್‌ವಿ/2023' ಇರಬೇಕು. ಉಳಿದ ಎಚ್‌1ಎನ್‌1 ಮತ್ತು ಬಿ ವಿಕ್ಟೋರಿಯಾ ವೈರಾಣುಗಳು ಹಳೆಯ, ಹೊಸ ಲಸಿಕೆಗಳೆರಡರಲ್ಲೂ ಒಂದೇ. ಹಳೆಯದನ್ನು ಹಾಕಿಸಿದರೆ ಕೇಡೇನೂ ಆಗುತ್ತಿರಲಿಲ್ಲ, ಸ್ವಲ್ಪ ರಕ್ಷಣೆಯೂ ಸಿಗುತ್ತಿತ್ತು. ಆದರೆ ಅಷ್ಟೇ ಹಣ ಕೊಟ್ಟು ಮುಂದಿನ ಮಳೆಗಾಲಕ್ಕೆ ಹೋದ ಸಾಲಿನ ಲಸಿಕೆ ಪಡೆಯುವುದು ನನಗೆ ಒಪ್ಪಿಗೆಯಾಗಲಿಲ್ಲ. ಪೆಟ್ಟಿಗೆಯ ಬದಿಯಲ್ಲಿ ಸಣ್ಣ ಅಕ್ಷರದಲ್ಲಿರುವ ಆ ಪಟ್ಟಿಯನ್ನು ಹಣ ಕೊಡುವ ಮುಂಚೆಯೇ ಓದಬೇಕು. ಕೊಂಡ ಮೇಲೆ ತಿಳಿದರೆ ಉಪಯೋಗವಿಲ್ಲ. "ಫ್ರಿಜ್ ಐಟಂ ವಾಪಸ್ ತಗಳಲ್ರೀ ಮೇಡಂ" ಎಂದು ಅಂಗಡಿಯವರೇ ಮೊದಲೇ ಹೇಳಿದ್ದರು, ಮತ್ತು ಆ ನಿಯಮ ಇರಲೇಬೇಕಾದದ್ದು.

ಏಕೆಂದರೆ ಈ ಲಸಿಕೆಯನ್ನು ತಯಾರಿಸಿದ ಕಡೆಯಿಂದ ತೋಳಿಗೆ ಚುಚ್ಚುವವರೆಗೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಯೇ ಇಡಬೇಕು. ಬಿಸಿಯಾದರೂ ಕೆಡುತ್ತದೆ, ಹೆಪ್ಪುಗಟ್ಟಿದರೂ ಕೆಡುತ್ತದೆ, ಕೆಟ್ಟಿದೆಯೆಂದು ಕಣ್ಣಿಗೆ ಕಾಣುವುದಿಲ್ಲ. ಕೆಲವು ಅಂಗಡಿಗಳಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಮಂಜುಗಡ್ಡೆಯ ತುಂಡಿನ ಜೊತೆ ಸುತ್ತಿ ಕೊಡುತ್ತೇವೆ, ಮನೆಯ ಫ್ರಿಜ್ಜಿನಲ್ಲಿಡಿ, ಆಮೇಲೆ ಎಲ್ಲಿಯಾದರೂ ಹಾಕಿಸಿಕೊಳ್ಳಿ ಎನ್ನುತ್ತಾರೆ. ದಾವಣಗೆರೆಯ ಮೇ ತಿಂಗಳ ಮಧ್ಯಾಹ್ನ, ಆಟೋದಲ್ಲಿ, ಮಂಜುಗಡ್ಡೆಗೆ ತಾಗಿಕೊಂಡ ಸಿರಿಂಜು ಒಂದು ಕಡೆ ಹೆಪ್ಪುಗಟ್ಟುವ ಭಯ, ಗಡ್ಡೆ ಕರಗಿದ ಮೇಲೆ ಬಿಸಿಯೇರುವ ಭಯ. ಮನೆಯ ಫ್ರಿಜ್ಜು ದಿನಕ್ಕೆ ಎಷ್ಟು ಸಲ ತೆರೆಯುತ್ತದೆ, ಗಾಳಿಮಳೆಗೆ ಕರೆಂಟು ಹೋದರೆ ಎಷ್ಟು ಹೊತ್ತು ಬರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿರುವುದೇ. ಇದೇ ಕಾರಣಕ್ಕೆ ನಾನು ವಿಚಾರಿಸಿದ ಒಂದು ನರ್ಸಿಂಗ್ ಹೋಮಿನಲ್ಲಿ, ಹೊರಗೆ ಕೊಂಡು ತಂದ ಲಸಿಕೆಯನ್ನು ನಾವು ಹಾಕುವುದಿಲ್ಲವೆಂದು ಖಂಡಿತವಾಗಿ ಹೇಳಿದರು. ಆ ಕ್ಷಣಕ್ಕೆ ಬೇಸರವಾಯಿತು. ಆಮೇಲೆ ಯೋಚಿಸಿದರೆ ಅವರ ನಿಲುವೇ ರೋಗಿಯ ಹಿತದ್ದು. ಆದರೆ ಅವರೇ ತರಿಸಿಡುವುದೂ ಇಲ್ಲವಲ್ಲ! ಅಂಗಡಿಯಲ್ಲಿ ಲಸಿಕೆ ಇದ್ದರೆ ಹಾಕುವವರಿಲ್ಲ, ಹಾಕುವವರಿದ್ದಲ್ಲಿ ಲಸಿಕೆ ಇಲ್ಲ. ಮೇ ತಿಂಗಳು ಹೀಗೆಯೇ ಕಳೆಯಿತು.

ದಾರಿ ತೆರೆದದ್ದು ಮಗಳ ಕೆಮ್ಮಿನಿಂದ. ಶಾಲೆ ಆರಂಭವಾಗುವ ಹೊತ್ತಿಗೆ ಏಳು ವರ್ಷದ ಅವಳಿಗೆ ಕೆಮ್ಮು ಬಂದು, ವಿದ್ಯಾನಗರದ ಕಡೆ ಇರುವ ಮಕ್ಕಳ ವೈದ್ಯರ ಕ್ಲಿನಿಕ್ಕಿಗೆ ಕರೆದೊಯ್ದಿದ್ದೆ. ಗೋಡೆಯ ಮೇಲಿನ ಲಸಿಕೆಗಳ ಪಟ್ಟಿಯಲ್ಲಿ ಫ್ಲೂ ಲಸಿಕೆಯ ಹೆಸರು ಕಂಡಿತು. ವಿಚಾರಿಸಿದರೆ, ಪ್ರತಿವರ್ಷ ತರಿಸುತ್ತೇವೆ, ಹೊಸ ಸಾಲಿನದು ಜೂನ್ ಮೊದಲ ವಾರ ಬರುತ್ತದೆ, ದೊಡ್ಡವರಿಗೂ ಅದೇ ಲಸಿಕೆ, ಅದೇ 0.5 ಎಂ.ಎಲ್. ಪ್ರಮಾಣ, ತಜ್ಞರ ಚೀಟಿ ಇದ್ದರೆ ಅಜ್ಜನಿಗೂ ಇಲ್ಲಿಯೇ ಹಾಕುತ್ತೇವೆ ಎಂದರು. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ ಆರು ತಿಂಗಳಿನಿಂದ ಐದು ವರ್ಷದವರೆಗಿನ ಮಕ್ಕಳಿಗೆ ಪ್ರತಿವರ್ಷ ಫ್ಲೂ ಲಸಿಕೆ ಕೊಡಲು ಶಿಫಾರಸು ಮಾಡುವುದರಿಂದ, ಮಕ್ಕಳ ವೈದ್ಯರಲ್ಲಿ ಇದು ಸಿಗುವ ಸಂಭವ ಹೆಚ್ಚು. ಲಸಿಕೆಗೆಂದೇ ಇಟ್ಟ ಫ್ರಿಜ್ಜು, ಅದಕ್ಕೆ ಇನ್ವರ್ಟರ್, ಒಳಗೆ ಉಷ್ಣಮಾಪಕ, ಬಾಗಿಲಿಗೆ ಅಂಟಿಸಿದ ಹಾಳೆಯಲ್ಲಿ ಬೆಳಿಗ್ಗೆ ಸಂಜೆಯ ಉಷ್ಣತೆಯ ದಾಖಲೆ, ಇಷ್ಟನ್ನೂ ನಾನು ಅಲ್ಲಿ ಕಣ್ಣಾರೆ ಕಂಡೆ. ದೊಡ್ಡವರ ಲಸಿಕೆಗಾಗಿ ಅಲೆಯುವವರು ಮೊದಲು ತಮ್ಮ ಮನೆಯ ಮಕ್ಕಳನ್ನು ನೋಡುವ ವೈದ್ಯರಿಗೆ ಫೋನ್ ಮಾಡಿ ಕೇಳಬೇಕು. ಈ ಬರಹದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ನೆನಪಿಡಿ.

ಸ್ಥಳ ಗೊತ್ತಾಯಿತು ಎಂದು ನೆಮ್ಮದಿಯಿಂದ ಮನೆಗೆ ಬಂದರೆ, ಅಲ್ಲಿ ಬೇರೊಂದು ಪ್ರಶ್ನೆ ಕಾದಿತ್ತು. ಮಾವನವರು ಸಂಜೆ ಪೂಜೆ ಮುಗಿಸಿ ಬಂದು ಕುಳಿತು, ಪಕ್ಕದ ಮನೆಯವರು ಹೇಳಿದ್ದನ್ನು ನನ್ನ ಮುಂದಿಟ್ಟರು. "ಆ ಸೂಜಿ ಮದ್ದಿನಾಗೆ ತತ್ತಿ ಇರ್ತೈತಂತಲ್ಲವ್ವಾ, ಹೌದೇನು?" ನಮ್ಮದು ಮೊಟ್ಟೆ ಮುಟ್ಟದ ಲಿಂಗಾಯತ ಮನೆ. ಈ ಪ್ರಶ್ನೆಗೆ ಸುಳ್ಳು ಹೇಳಿ ಅವರನ್ನು ಒಪ್ಪಿಸಬಹುದಿತ್ತು, ಹಾಗೆ ಮಾಡಿರೆಂದು ಹೇಳಿದ ಬಂಧುಗಳೂ ಇದ್ದರು. ನನಗೆ ಅದು ಸರಿಯೆನಿಸಲಿಲ್ಲ. ಅವರ ಮೈಗೆ ಹೋಗುವ ವಸ್ತುವಿನ ಬಗ್ಗೆ ತಿಳಿಯುವ ಹಕ್ಕು ಅವರದು, ಅವರ ಆಚಾರವೂ ಅವರದೇ. ಆದ್ದರಿಂದ ಮಾರನೆಯ ದಿನ ಮಕ್ಕಳ ವೈದ್ಯರಿಗೆ ಫೋನ್ ಮಾಡಿ, ಅವರೇ ಮಾವನವರ ಜೊತೆ ಮಾತನಾಡುವಂತೆ ಕೇಳಿಕೊಂಡೆ.

ವೈದ್ಯರು ಏನನ್ನೂ ಮುಚ್ಚಿಡಲಿಲ್ಲ. ನಮ್ಮಲ್ಲಿ ಬರುವ ಈ ಲಸಿಕೆಗೆ ಬೇಕಾದ ವೈರಾಣುವನ್ನು ಕೋಳಿಯ ಫಲಿತ ಮೊಟ್ಟೆಯೊಳಗೆ ಬೆಳೆಸುತ್ತಾರೆ, ಅದನ್ನು ಹೊರತೆಗೆದು ನಿರ್ಜೀವಗೊಳಿಸಿ, ಒಡೆದು, ಶುದ್ಧೀಕರಿಸಿ ಲಸಿಕೆ ಮಾಡುತ್ತಾರೆ, ಕೊನೆಗೆ ಮೊಟ್ಟೆಯ ಪ್ರೋಟೀನು ಅತ್ಯಲ್ಪ ಪ್ರಮಾಣದಲ್ಲಿ ಉಳಿದಿರಬಹುದು ಎಂದು ವಿವರಿಸಿದರು. ಮೊಟ್ಟೆ ತಿಂದರೆ ಮೈಗಾಗದವರೂ ಈಗ ಸಾಮಾನ್ಯವಾಗಿ ಇದನ್ನು ಹಾಕಿಸಿಕೊಳ್ಳಬಹುದು, ಆದರೆ ಹಿಂದೆ ಯಾವುದೇ ಫ್ಲೂ ಲಸಿಕೆಯಿಂದ ತೀವ್ರ ಅಲರ್ಜಿ ಆಗಿದ್ದವರು ಹಾಕಿಸಿಕೊಳ್ಳಬಾರದು, ಗಿಲಾನ್-ಬಾರೆ ಎಂಬ ನರಗಳ ಕಾಯಿಲೆ ಬಂದಿದ್ದವರು ಅದನ್ನು ಮೊದಲೇ ವೈದ್ಯರಿಗೆ ತಿಳಿಸಬೇಕು ಎಂದೂ ಸೇರಿಸಿದರು. ಮಾವನವರು ಎಲ್ಲವನ್ನೂ ಕೇಳಿಸಿಕೊಂಡು ಆ ದಿನ ಏನೂ ಹೇಳಲಿಲ್ಲ. ನಾವೂ ಒತ್ತಾಯಿಸಲಿಲ್ಲ. ಅತ್ತೆಯವರು ಮಾತ್ರ, ಹೋದ ಸೆಪ್ಟೆಂಬರ್‌ನಲ್ಲಿ ಆಸ್ಪತ್ರೆಯ ಹೊರಗೆ ತಾವು ಕಳೆದ ರಾತ್ರಿಗಳನ್ನು ನೆನೆಸಿಕೊಂಡು ಕಣ್ಣೊರೆಸಿಕೊಂಡರು. ಕೆಲವು ದಿನಗಳ ನಂತರ ಮಾವನವರೇ ನನ್ನನ್ನು ಕರೆದು, "ನಾನು ಉಣ್ಣಾಕ ತಗೊಳ್ಳಂಗಿಲ್ಲ, ಜೀವ ಉಳಿಸ್ಕೊಳ್ಳಾಕ ತಗೊಳ್ಳಾದು. ಕರ್ಕಂಡು ಹೋಗವ್ವಾ" ಎಂದರು. ಇಂಥ ಮನೆಗಳಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಹಾಕಿಸುವ ದಿನ ಕ್ಲಿನಿಕ್ಕಿನ ಬಾಗಿಲಲ್ಲಿ ಅದು ಎದ್ದು ನಿಲ್ಲುವುದಕ್ಕಿಂತ, ಸಾಕಷ್ಟು ಮುಂಚೆಯೇ ಮನೆಯಲ್ಲಿ ಕೂತು ಮಾತಾಡಿ, ಹಿರಿಯರಿಗೆ ಯೋಚಿಸಲು ಸಮಯ ಕೊಡುವುದು ಒಳ್ಳೆಯದು.

ಅವರಿಗಿದ್ದ ಇನ್ನೊಂದು ಅಳುಕು, ಲಸಿಕೆಯಿಂದಲೇ ಜ್ವರ ಬಂದು ಮತ್ತೆ ಆಸ್ಪತ್ರೆ ಸೇರಬೇಕಾದೀತೇ ಎಂಬುದು. ಈ ಚುಚ್ಚುಮದ್ದಿನಲ್ಲಿ ಜೀವಂತ ವೈರಾಣು ಇಲ್ಲದಿರುವುದರಿಂದ ಅದು ಫ್ಲೂ ತರಲಾರದು. ತೋಳು ನೋವು, ಒಂದೆರಡು ದಿನ ಸಣ್ಣ ಜ್ವರ, ಮೈ ಭಾರ, ಇಷ್ಟು ಬರಬಹುದು. ಮೂಗಿಗೆ ಬಿಡುವ ಫ್ಲೂ ಲಸಿಕೆ ಬೇರೆ ಬಗೆಯದು, ಅದರಲ್ಲಿ ದುರ್ಬಲಗೊಳಿಸಿದ ಜೀವಂತ ವೈರಾಣು ಇರುತ್ತದೆ, ಮಾವನವರಂಥ ರೋಗಿಗಳಿಗೆ ಅದಲ್ಲ.

ಜೂನ್ ಮೊದಲ ವಾರ ಕ್ಲಿನಿಕ್ಕಿನಿಂದ ಲಸಿಕೆ ಬಂದಿದೆಯೆಂದು ಫೋನ್ ಬಂತು. ಯಾರು ಯಾರಿಗೆ ಹಾಕಿಸುವುದೆಂದು ಮನೆಯಲ್ಲಿ ಲೆಕ್ಕ ಹಾಕಿದೆವು. ಒಂದು ಡೋಸಿನ ಬೆಲೆ 1,800 ರೂಪಾಯಿಯ ಆಸುಪಾಸು. ಮಾವನವರಿಗೆ ಒಂದು, ಸಕ್ಕರೆ ಕಾಯಿಲೆಯಿರುವ ಅತ್ತೆಯವರಿಗೆ ಒಂದು, ಅವರನ್ನು ನೋಡಿಕೊಳ್ಳುವ ಮತ್ತು ಕಾಲೇಜಿನಲ್ಲಿ ತುಂಬಿದ ತರಗತಿಗಳಲ್ಲಿ ಪಾಠ ಮಾಡುವ ನನಗೆ ಒಂದು, ಮಗಳಿಗೆ ಎರಡು. ಒಂಬತ್ತು ವರ್ಷದೊಳಗಿನ ಮಕ್ಕಳಿಗೆ ಮೊದಲ ಸಲ ಹಾಕಿಸುವ ವರ್ಷ ನಾಲ್ಕು ವಾರಗಳ ಅಂತರದಲ್ಲಿ ಎರಡು ಡೋಸು ಬೇಕು, ಮುಂದಿನ ವರ್ಷಗಳಲ್ಲಿ ಒಂದೇ ಸಾಕು. ವೈದ್ಯರ ಶುಲ್ಕ, ಆಟೋ ಎಲ್ಲ ಸೇರಿ ಹತ್ತು ಸಾವಿರ ರೂಪಾಯಿ ಹತ್ತಿರ ಹತ್ತಿರ ಬಂತು. ಹುಬ್ಬಳ್ಳಿಯಲ್ಲಿ ಕೆಲಸದಲ್ಲಿರುವ ನಮ್ಮ ಯಜಮಾನರು ಅಲ್ಲಿಯೇ ಹಾಕಿಸಿಕೊಂಡರು. ಇಷ್ಟು ಹಣ ಒಮ್ಮೆಗೇ ಹೊಂದಿಸಲಾಗದವರು ಮನೆಯಲ್ಲಿ ಹೆಚ್ಚು ಅಪಾಯವಿರುವವರಿಗೆ, ಅಂದರೆ ವೃದ್ಧರಿಗೆ, ದಮ್ಮು, ಹೃದ್ರೋಗ, ಸಕ್ಕರೆ ಕಾಯಿಲೆ ಇರುವವರಿಗೆ, ಗರ್ಭಿಣಿಯರಿಗೆ ಮತ್ತು ಚಿಕ್ಕ ಮಕ್ಕಳಿಗೆ ಮೊದಲು ಹಾಕಿಸಬೇಕು. ತಜ್ಞರು ಮಾವನವರಿಗೆ ನ್ಯುಮೋನಿಯಾ ಲಸಿಕೆಯನ್ನೂ ಹೇಳಿದ್ದರು, ಅದನ್ನು ಅದೇ ದಿನ ಇನ್ನೊಂದು ತೋಳಿಗೆ ಹಾಕಿಸಬಹುದಿತ್ತು. ಅದು ಫ್ಲೂ ಲಸಿಕೆಗಿಂತ ಬಹಳ ದುಬಾರಿಯಾದ್ದರಿಂದ ದೀಪಾವಳಿಯ ನಂತರಕ್ಕೆ ಇಟ್ಟುಕೊಂಡೆವು.

ಆರೋಗ್ಯ ವಿಮೆಯಿಂದ ಏನಾದರೂ ಸಿಗಬಹುದೆಂದು ವಿಚಾರಿಸಿದೆ. ನಮ್ಮ ಪಾಲಿಸಿ ಆಸ್ಪತ್ರೆಗೆ ಸೇರಿದ ಚಿಕಿತ್ಸೆಗೆ ಮಾತ್ರ, ಲಸಿಕೆಗೆ ಅನ್ವಯಿಸುವುದಿಲ್ಲ ಎಂಬ ಉತ್ತರ ಬಂತು. ಹೋದ ವರ್ಷ ಅದೇ ವಿಮೆ ಇದೇ ರೋಗಕ್ಕೆ ಲಕ್ಷಕ್ಕೂ ಹೆಚ್ಚು ಕೊಟ್ಟಿತ್ತು. ಅದನ್ನು ತಡೆಯುವ ಎರಡು ಸಾವಿರಕ್ಕಿಂತ ಕಡಿಮೆ ಬೆಲೆಯ ಲಸಿಕೆಗೆ ಕೊಡುವುದಿಲ್ಲ ಎನ್ನುವ ಈ ನಿಯಮ ಬದಲಾಗಬೇಕೆಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಗೊತ್ತುಮಾಡಿದ ದಿನದ ಹಿಂದಿನ ರಾತ್ರಿ ಮಾವನವರಿಗೆ ಮೈ ಬಿಸಿಯಾಯಿತು. ಥರ್ಮಾಮೀಟರ್ 101 ಡಿಗ್ರಿ ತೋರಿಸಿದಾಗ ಮನೆಯಲ್ಲಿ ಎಲ್ಲರ ಮುಖ ಬಾಡಿತು. ಈ ಸಲ ಒಂದು ಕ್ಷಣವೂ ಕಾಯದೆ ಬೆಳಿಗ್ಗೆಯೇ ತಜ್ಞರಿಗೆ ತೋರಿಸಿದೆವು. ಪರೀಕ್ಷೆಯಲ್ಲಿ ಫ್ಲೂ ಇರಲಿಲ್ಲ. ಸಣ್ಣ ನೆಗಡಿಯಿದ್ದರೆ ಲಸಿಕೆ ಹಾಕಿಸಲು ಅಡ್ಡಿಯಿಲ್ಲ, ಆದರೆ ಇಷ್ಟು ಜ್ವರವಿದ್ದಾಗ ಬೇಡ, ಪೂರ್ತಿ ಇಳಿದ ಮೇಲೆ ಹಾಕಿಸಿ ಎಂದರು. ಅತ್ತೆಯವರಿಗೆ, ಮಗಳಿಗೆ ಮತ್ತು ನನಗೆ ಮೊದಲು ಆಯಿತು. ಕ್ಲಿನಿಕ್ಕಿನವರು ಮಾವನವರ ಡೋಸನ್ನು ಹೆಸರು ಬರೆದು ಫ್ರಿಜ್ಜಿನಲ್ಲಿ ತೆಗೆದಿಟ್ಟರು. ಆ ದಿನಗಳಲ್ಲಿ ಕೋವಿಡ್ ಸುದ್ದಿ ಮತ್ತೆ ಕೇಳಿಬರುತ್ತಿದ್ದುದರಿಂದ, ನೋಡಲು ಬಂದವರಲ್ಲಿ ಕೆಲವರು ಕೋವಿಡ್ ಲಸಿಕೆ ಆಗಿದೆಯಲ್ಲ, ಇದೇಕೆ ಎಂದು ಕೇಳಿದರು. ಎರಡೂ ಬೇರೆ ಬೇರೆ ವೈರಾಣುಗಳು, ಒಂದರ ಲಸಿಕೆ ಇನ್ನೊಂದಕ್ಕೆ ಆಗುವುದಿಲ್ಲ.

ಜೂನ್ ಮಧ್ಯದಲ್ಲಿ ಒಂದು ಸಂಜೆ ಕೊನೆಗೂ ಮಾವನವರ ಸರದಿ ಬಂತು. ಹೊರಗೆ ಜಿಟಿಜಿಟಿ ಮಳೆ, ಒಳಗೆ ಅಳುವ ಕೂಸುಗಳು, ಅವುಗಳನ್ನು ಎತ್ತಿಕೊಂಡು ಓಡಾಡುವ ತಾಯಂದಿರು, ಅವರ ನಡುವೆ ಬಿಳಿ ಪಂಚೆ, ವಿಭೂತಿಯ ಮಾವನವರು. ಜನ ತುಂಬಿದ ಕಡೆ ಹೆಚ್ಚು ಹೊತ್ತು ಕೂರಿಸುವುದು ಬೇಡವೆಂದು ಮೊದಲೇ ಫೋನ್ ಮಾಡಿ ಕೊನೆಯ ಟೋಕನ್ ತೆಗೆದುಕೊಂಡಿದ್ದೆ, ಮುಖಗವಸನ್ನೂ ಹಾಕಿಸಿದ್ದೆ. ದಮ್ಮಿನ ರೋಗಿಗಳನ್ನು ಕರೆದೊಯ್ಯುವವರು ಈ ಎರಡನ್ನೂ ಮಾಡುವುದು ಒಳ್ಳೆಯದು, ಮಕ್ಕಳ ಕ್ಲಿನಿಕ್ಕಿನಲ್ಲಿ ಜ್ವರ ಕೆಮ್ಮು ಇರುವ ಮಕ್ಕಳೇ ಹೆಚ್ಚು.

ನಾನು ಒಯ್ದ ಕಾಗದಗಳು ಮೂರೇ: ತಜ್ಞರ ಚೀಟಿ, ಹೋದ ವರ್ಷದ ಬಿಡುಗಡೆಯ ಚೀಟಿ, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಪಟ್ಟಿ. ಆಧಾರ್ ಯಾರೂ ಕೇಳಲಿಲ್ಲ. ಮಾತ್ರೆಗಳ ಪಟ್ಟಿ ಮಾತ್ರ ಅವಶ್ಯ. ಮಾವನವರು ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಾರೆಂದು ಅದರಿಂದಲೇ ತಿಳಿದು, ವೈದ್ಯರು ಸಣ್ಣ ಸೂಜಿ ಬಳಸಿ, ಚುಚ್ಚಿದ ಜಾಗವನ್ನು ಉಜ್ಜದೆ ಕೆಲವು ನಿಮಿಷ ಒತ್ತಿ ಹಿಡಿಯುವಂತೆ ನನಗೆ ಹೇಳಿದರು. ಹಾಕುವ ಮುಂಚೆ ಪೆಟ್ಟಿಗೆಯನ್ನು ನಮ್ಮೆದುರೇ ತೆರೆದರು. 2025ರ ದಕ್ಷಿಣ ಗೋಳಾರ್ಧ, ಕ್ರೊಯೇಷಿಯಾ ಹೆಸರಿನ ಎಚ್‌3ಎನ್‌2, ಅವಧಿಯ ತಿಂಗಳು, ಎಲ್ಲವನ್ನೂ ಓದಿ ನೋಡಿದೆ. ನಾಲ್ಕು ವೈರಾಣುಗಳ ಲಸಿಕೆಯಲ್ಲಿ ನಾಲ್ಕನೆಯದಾಗಿರುವ, ಬಿ ವೈರಾಣುವಿನ ಯಮಗಾತ ಎಂಬ ವಂಶ 2020ರ ಮಾರ್ಚ್ ನಂತರ ಜಗತ್ತಿನಲ್ಲಿ ಹರಡುತ್ತಿರುವುದು ಕಂಡುಬಂದಿಲ್ಲ, ಆದ್ದರಿಂದ ಮೂರು ವೈರಾಣುಗಳ ಲಸಿಕೆ ಸಿಕ್ಕಿದರೂ ನಾಲ್ಕರದೇ ಬೇಕೆಂದು ಹಟ ಹಿಡಿಯಬೇಕಿಲ್ಲ ಎಂಬುದನ್ನು ವೈದ್ಯರು ಆಗ ತಿಳಿಸಿದರು. ಮೊದಲೇ ತುಂಬಿದ ಸಿರಿಂಜು, ಎಡ ತೋಳಿನ ಮೇಲ್ಭಾಗ, ಕ್ಷಣಮಾತ್ರದ ಕೆಲಸ. "ಆತೇನು?" ಎಂದು ಮಾವನವರೇ ಕೇಳಿದರು.

ಆಮೇಲೆ ಅರ್ಧ ಗಂಟೆ ಅಲ್ಲಿಯೇ ಕೂರಿಸಿದರು. ಅಪರೂಪಕ್ಕೆ ತೀವ್ರ ಅಲರ್ಜಿ ಆಗುವುದಿದ್ದರೆ ಸಾಮಾನ್ಯವಾಗಿ ಈ ಅವಧಿಯಲ್ಲೇ ಕಾಣಿಸಿಕೊಳ್ಳುವುದರಿಂದ, ಮನೆಗೆ ಹೊರಡುವ ಆತುರ ಮಾಡಬಾರದು. ಸಿರಿಂಜಿನ ಮೇಲಿನ ಸ್ಟಿಕ್ಕರನ್ನು ಕಿತ್ತು ಒಂದು ಕಾರ್ಡಿಗೆ ಅಂಟಿಸಿ, ದಿನಾಂಕ ಮತ್ತು ಬ್ಯಾಚ್ ಸಂಖ್ಯೆ ಬರೆದು, ಮೊಹರು ಹಾಕಿ ಕೊಟ್ಟರು. ಕೇಳದಿದ್ದರೆ ಕೆಲವು ಕಡೆ ಇದನ್ನು ಕೊಡುವುದಿಲ್ಲ, ಕೇಳಿಯೇ ಪಡೆಯಬೇಕು. ಮುಂದೆ ಯಾವ ವೈದ್ಯರ ಬಳಿ ಹೋದರೂ ಯಾವ ಲಸಿಕೆ, ಯಾವಾಗ ಆಯಿತು ಎಂಬುದಕ್ಕೆ ಅದೊಂದೇ ದಾಖಲೆ.

ಆ ರಾತ್ರಿ ಮಾವನವರ ತೋಳು ನೋಯುತ್ತಿತ್ತು, ಮಾರನೆಯ ದಿನ ಸ್ವಲ್ಪ ಮೈ ಭಾರವೆಂದು ಮಲಗಿದ್ದರು. ಜ್ವರ ಬರಲಿಲ್ಲ, ದಮ್ಮು ಹೆಚ್ಚಾಗಲಿಲ್ಲ. ನಾನು ಮಾತ್ರ ಎರಡು ಗಂಟೆಗೊಮ್ಮೆ ಬೆರಳಿಗೆ ಆಕ್ಸಿಮೀಟರ್ ಇಟ್ಟು ನೋಡುತ್ತಲೇ ಇದ್ದೆ. ಅತ್ತೆಯವರಿಗೆ ಏನೂ ಆಗಲಿಲ್ಲ, ಮಗಳಿಗೆ ಒಂದು ರಾತ್ರಿ ಮೈ ಬೆಚ್ಚಗಾಗಿ ಬೆಳಗಾಗುವಷ್ಟರಲ್ಲಿ ಇಳಿಯಿತು.

ಈ ಲಸಿಕೆ ಪೂರ್ಣ ಕವಚವಲ್ಲ ಎಂಬುದನ್ನು ತಜ್ಞರು ನಮಗೆ ಸ್ಪಷ್ಟವಾಗಿ ಹೇಳಿದ್ದಾರೆ. ವಯಸ್ಸಾದವರಲ್ಲಿ ಅದರ ಪರಿಣಾಮ ಎಳೆಯರಲ್ಲಿ ಇರುವುದಕ್ಕಿಂತ ಕಡಿಮೆ, ಸಾಮಾನ್ಯ ನೆಗಡಿಯನ್ನು ಅದು ತಡೆಯುವುದೂ ಇಲ್ಲ. ಆದರೆ ಫ್ಲೂ ಬಂದರೂ ಆಸ್ಪತ್ರೆ ಸೇರುವಷ್ಟು ಉಲ್ಬಣಿಸುವ ಸಂಭವವನ್ನು ತಗ್ಗಿಸುತ್ತದೆ. ಲಸಿಕೆ ಆಗಿದೆಯೆಂದು ಮೈಮರೆಯದೆ, ಮಳೆಗಾಲದಲ್ಲಿ ಜ್ವರದ ಜೊತೆ ಕೆಮ್ಮು ಕಂಡ ದಿನವೇ ಕರೆದುಕೊಂಡು ಬರಬೇಕೆಂದು ಹೇಳಿ, ತಮ್ಮ ಫೋನ್ ಸಂಖ್ಯೆಯನ್ನು ಮಾವನವರ ಮಾತ್ರೆ ಡಬ್ಬಿಯ ಮೇಲೆ ಅಂಟಿಸಲು ಕೊಟ್ಟಿದ್ದಾರೆ.

ಜುಲೈನಲ್ಲಿ ಮಗಳ ಎರಡನೇ ಡೋಸು ಆಯಿತು. ಕ್ಲಿನಿಕ್ಕಿನ ಸಿಸ್ಟರ್ ಅಂದೇ ಮುಂದಿನ ವರ್ಷಕ್ಕೆ ನಮ್ಮ ಮನೆಯ ನಾಲ್ಕು ಹೆಸರುಗಳನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಂಡು, ಏಪ್ರಿಲ್‌ನಲ್ಲಿ ಒಮ್ಮೆ ಫೋನ್ ಮಾಡಿ ನೆನಪಿಸಲು ಹೇಳಿದರು. ಪಕ್ಕದ ಬೀದಿಯಲ್ಲಿರುವ, ಮಾವನವರ ಜೊತೆ ಮಿಲ್ಲಿನಲ್ಲಿ ದುಡಿದ ಇಬ್ಬರು ಹಿರಿಯರ ಹೆಸರನ್ನೂ ಅದರ ಕೆಳಗೆ ಬರೆಸಿ ಬಂದಿದ್ದೇನೆ.